ಸ್ವಪ್ನಾಲಿಯ ಜೇನ್ನೊಣಕ್ಕೆ ಹನ್ನೊಂದು ಐಬು

ಎಲ್ಲಿಂದ ಶುರು ಮಾಡಲಿ? ಜೇನ್ನೊಣದಿಂದ ಶುರು ಮಾಡಿದರೆ ಚೆಂದ ಕಾಣುತ್ತದೆ, ಓದುಗರೂ ಬೇಗ ಒಳಗೆ ಬರುತ್ತಾರೆ. ಆದರೆ ಬೆಂಕಿ ಹತ್ತಿದ್ದು ಜಗದೇವಪ್ಪನ ಹೊಟ್ಟೆಯಲ್ಲಿ. ಅಲ್ಲಿಂದಲೇ ಹೊರಡೋಣ.

೧

ಜಗದೇವಪ್ಪ ಉದಗೀರದ ಕಾಳಿನ ಪೇಟೆಯಲ್ಲಿ ವ್ಯಾಪಾರಿ. ರೈತರಿಂದ ತೊಗರಿ, ಉದ್ದು, ಸೋಯಾಬೀನು ಕೊಳ್ಳುವವನು. ಅದರ ಜೊತೆಗೆ ಹದಿನಾಲ್ಕು ವರ್ಷದಿಂದ ಮ್ಯಾಕ್ರೋ ಲೆನ್ಸು ಹಿಡಿದು ಹುಳಹುಪ್ಪಟೆಗಳ ಹಿಂದೆ ಮೊಣಕಾಲು ಸವೆಸಿದವನು. 'ಕ್ಲೋಸಪ್ ಕಟ್ಟಿ' ಎಂಬ ವಾಟ್ಸಾಪ್ ಗುಂಪಿನ ಅಡ್ಮಿನ್. ಉಮರ್ಗಾದಿಂದ ಜಳಕೋಟದವರೆಗೆ ಮೂವತ್ತು ಮಂದಿ ಅಲ್ಲಿ ಫೋಟೋ ಹಾಕುತ್ತಾರೆ, ಅವನು ಫೀಡ್‌ಬ್ಯಾಕ್ ಕೊಡುತ್ತಾನೆ. (ಅವನಿಗೆ ಯಾರೂ ಕೊಡುವುದಿಲ್ಲ. ಅಡ್ಮಿನ್ನಿಗೆ ಎಲ್ಲರೂ ಕೈಮುಗಿಯುವ ಎಮೋಜಿ ಕಳಿಸುತ್ತಾರೆ.)

ಈಗ ಲಾತೂರಿನ ಒಂದು ಪ್ರದರ್ಶನಕ್ಕೆ ಗುಂಪಿನಿಂದ ಒಂದೇ ಒಂದು ಫೋಟೋ ಹೋಗಬೇಕು. ಆರಿಸುವವನು ಜಗದೇವಪ್ಪನೇ. ತಾನು ತೆಗೆದ ಜೇಡದ ಫೋಟೋವನ್ನೇ ಕಳಿಸುವುದೆಂದು ಮನಸ್ಸಿನಲ್ಲಿ ಮುಗಿಸಿಬಿಟ್ಟಿದ್ದ. ನಲವತ್ತು ಶಾಟ್ ಜೋಡಿಸಿ ಅದರ ಎಂಟೂ ಕಣ್ಣು ಸಾಫಾಗಿ ತೆಗೆದಿದ್ದ. ಅಷ್ಟರಲ್ಲಿ ವಲಾಂಡಿಯ ಸ್ವಪ್ನಾಲಿ, ತೊಗರಿ ಬೆಳೆಯುವ ಕಲ್ಯಾಣಪ್ಪನ ಸೊಸೆ, ಮೊಬೈಲಿಗೆ ಸಿಕ್ಕಿಸುವ ಪುಟ್ಟ ಲೆನ್ಸಿನಿಂದ ತೆಗೆದ ಒಂದು ಫೋಟೋ ಹಾಕಿದಳು.

೨

(ಈ ಭಾಗವನ್ನು ಮೂರು ಸಲ ಹರಿದು ಹಾಕಿದ್ದೇನೆ. ಮೊದಲ ಕರಡಿನಲ್ಲಿ ಇಬ್ಬನಿಯ ಮೇಲೆ ಕವಿತೆಯೇ ಬಂದುಬಿಟ್ಟಿತ್ತು. ಛೀ.)

ಫೋಟೋದಲ್ಲಿ ಇದ್ದದ್ದು ಇಷ್ಟೇ. ನಸುಕಿನಲ್ಲಿ ಒಣ ತೊಗರಿ ಕಡ್ಡಿಯನ್ನು ಬಾಯಿಂದ ಕಚ್ಚಿ ಹಿಡಿದು, ಕಾಲು ಮಡಚಿಕೊಂಡು ನಿದ್ದೆ ಹೋದ ಒಂದು ಜೇನ್ನೊಣ. ಒಂಟಿಯಾಗಿ ಬಾಳುವ ಜಾತಿಯದು, ಮೈಮೇಲೆ ನೀಲಿ ಪಟ್ಟಿ. ಎಲ್ಲಿ ಎದ್ದುಬಿಟ್ಟೀತೋ ಎಂದು ನೋಡುವವರೇ ಉಸಿರು ಹಿಡಿಯಬೇಕು.

ಜಗದೇವಪ್ಪ ಅಂಗಡಿಯ ಗಾದಿಯ ಮೇಲೆ ಕೂತಲ್ಲೇ ಅದನ್ನು ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ಒಂದಾದರೂ ಐಬು, ಒಂದಾದರೂ ಕುಂದು ಸಿಗಲಪ್ಪಾ ಶಿವನೇ ಎಂದು ಹುಡುಕಿದ. ನಿನ್ನೆ ಮೊನ್ನೆ ಗುಂಪಿಗೆ ಬಂದವಳು! ಅದೂ ಮೊಬೈಲಿನಲ್ಲಿ!

"ಇದನ್ನೆಲ್ಲಾ ಯಾಕ ಬರೀತೀರಿ?" ಎಂದು ನನ್ನ ಮೇಲೆಯೇ ಹರಿಹಾಯ್ದ. "ನಾ ಹೊಟ್ಟಿಕಿಚ್ಚಿನ ಮನಶ್ಯಾ ಅಲ್ಲ. ಟೆಕ್ನಿಕಲ್ ನೋಡ್ಲಿಕತ್ತೀನಿ."

"ಹಾಗಾದರೆ ಚೆನ್ನಾಗಿದೆ ಅಂತ ಬರೆಯಿರಿ," ಎಂದೆ.

"ಬರೀತೀನಿ. ಮೊದಲ ತಪ್ಪು ಹೇಳಿ ಆಮ್ಯಾಲ ಬರೀತೀನಿ."

ಬರೆದ. ಬಲಗಡೆಯ ಮೀಸೆ ಫೋಕಸ್ಸಿನಲ್ಲಿಲ್ಲ. ಹಿಂದೆ ಹಳದಿ ಕಲೆ. ಕಡ್ಡಿ ಸೊಟ್ಟ. ಹೀಗೆ ಹನ್ನೊಂದು. ಹನ್ನೊಂದನೆಯದನ್ನು ಹೇಳಲು ನನಗೇ ನಾಚಿಕೆ: 'ಹುಳ ಮಲಗಿದೆ, ಆದ್ದರಿಂದ ಫೋಟೋದಲ್ಲಿ ಚೈತನ್ಯವಿಲ್ಲ.' ಕೊನೆಗೆ ಬರೆಯಬೇಕಿದ್ದ ಒಂದು ಮಾತು ಬರಲೇ ಇಲ್ಲ.

(ನಾನೇನು ಸಾಚಾ ಅಲ್ಲ. ಗೆಳೆಯನ ಕಥೆ ನಿಜಕ್ಕೂ ಚೆನ್ನಾಗಿದ್ದ ದಿನ ಅವನ ಕಾಗುಣಿತವನ್ನಷ್ಟೇ ತಿದ್ದಿ ಕಳಿಸಿದ್ದೇನೆ.)

೩

ಇಲ್ಲಿ ಸ್ವಪ್ನಾಲಿ ಅಳಬೇಕಿತ್ತು. ಎರಡನೆಯ ಕರಡಿನಲ್ಲಿ ಆಕೆಯ ಕಣ್ಣಲ್ಲಿ ನೀರು ತರಿಸಿದ್ದೆ, ಗುಂಪೂ ಬಿಡಿಸಿದ್ದೆ. "ನಾ ಯಾಕ ಅಳ್ಲಿ?" ಎಂದು ಆಕೆ ಕರಡನ್ನು ವಾಪಸು ಎಸೆದಳು. ಮರುದಿನ ಮಾವನ ಜೊತೆ ತೊಗರಿ ಚೀಲ ಹೇರಿಕೊಂಡು ನೇರ ಜಗದೇವಪ್ಪನ ಅಂಗಡಿಗೇ ಬಂದಳು, ಮುಖದ ತುಂಬ ನಗು.

"ಹನ್ನೊಂದು ಐಬು ತಗದೀರಲ್ರೀ ಕಾಕಾ! ಮಾವಗ ಓದಿ ಹೇಳ್ದೆ, ಭಾಳ ಖುಷ್ ಆದ್ರು."

"ಖುಷ್? ಯಾಕ?"

ಕಲ್ಯಾಣಪ್ಪ ಚೀಲಕ್ಕೆ ಒರಗಿ ನಕ್ಕ. "ಮೂವತ್ತು ವರ್ಷಾತು ಸಾವಕಾರ್ರೇ, ನಿಮಗ ಮಾಲು ಹಾಕ್ಲಿಕತ್ತು. ಹಲಕಾ ಮಾಲಿಗಿ, ಕಳಪಿ ಮಾಲಿಗಿ ಎಂದಾದ್ರೂ ಐಬು ತಗದೀರೇನು? 'ಛಲೋ ಅದ, ಛಲೋ ಅದ' ಅಂತ ಮುಂದಿನ ಗಾಡಿಗಿ ಹೋಗ್ತೀರಿ. ನಿಮ್ಮ ಮನಸಿನಾಗ ಕೂತ ಮಾಲಿಗೇ ರೇಟು ಇಳಸ್ಲಿಕ್ಕ ಹಿಡಿಗೊಂದು ಐಬು ಹೇಳ್ತೀರಿ."

ಜಗದೇವಪ್ಪ ಉರಿದು ಉರಿದು ಬರೆದದ್ದೆಲ್ಲ ಆಕೆಗೆ ಹೊಗಳಿಕೆಯಾಗಿ ಮುಟ್ಟಿತ್ತು. ಅದು ಸುಳ್ಳೂ ಅಲ್ಲವಲ್ಲ, ಅದೇ ಸಂಕಟ.

೪

ಮುಗಿಸಬೇಕು. ಅವನ ಮನಸ್ಸು ಕರಗಿ ಜೇನ್ನೊಣ ಲಾತೂರಿಗೆ ಹೋಯಿತು ಎನ್ನಲೇ? (ನೀವು ನಂಬುತ್ತೀರಾ? ನನಗಂತೂ ಆಗುತ್ತಿಲ್ಲ.) ಜೇಡವೇ ಹೋಗಿ ಬಹುಮಾನ ತಂದಿತು ಎನ್ನಲೇ? ಈ ಮುಕ್ತಾಯವನ್ನು ಜಗದೇವಪ್ಪನೇ ನನ್ನ ಕಿವಿಯಲ್ಲಿ ಊದಿದ್ದು, ಆದ್ದರಿಂದ ಬೇಡ.

ನನಗೆ ಗೊತ್ತಿರುವುದು ಇಷ್ಟು. ತೂಕ ಮುಗಿದು ಅವರಿಬ್ಬರೂ ಹೊರಟಾಗ ಅವನಿಗೆ ತಡೆಯಲಾಗಲಿಲ್ಲ. ಜೇಡದ ಫೋಟೋ ತೆರೆದು ಮೊಬೈಲನ್ನು ಆಕೆಯ ಕೈಗೇ ಕೊಟ್ಟ.

"ನೋಡವ್ವಾ. ಮುಲಾಜು ಬ್ಯಾಡ. ಏನೇನು ತಪ್ಪು ಅವ, ಹೇಳು."

ಸ್ವಪ್ನಾಲಿ ನೋಡಿದಳು. ದೊಡ್ಡದು ಮಾಡಿ ನೋಡಲಿಲ್ಲ.

"ಛಲೋ ಅದರೀ ಕಾಕಾ."

"ಮತ್ತ?"

"ಭಾಳ ಛಲೋ ಅದ."

ಜಗದೇವಪ್ಪ ನನ್ನ ಕಡೆ ತಿರುಗಿದ. "ಆಕಿ ಕಡಿಂದ ಒಂದಾರ ಐಬು ಹೇಳಸ್ರೀ. ಒಂದೇ ಒಂದು. ಬರಿಯೋರು ನೀವು, ನಿಮ್ಮ ಕೈಯಾಗ ಅದ."

ಪೆನ್ನು ಹಿಡಿದು ಕೂತಿದ್ದೇನೆ. ಆಕೆ ಚಪ್ಪಲಿ ಮೆಟ್ಟುತ್ತಿದ್ದಾಳೆ.