ಮಂಚದೊಳಗಿನ ಸದ್ದು

ಗರಗಸದ ಹಲ್ಲು ಮಂಚದ ತಲೆಹಲಗೆಗೆ ತಾಗಿದಾಗಲೂ ಮಕ್ಕಳಿಬ್ಬರಲ್ಲಿ ಒಬ್ಬರೂ ಬೇಡ ಅನ್ನಲಿಲ್ಲ. ಅವರಪ್ಪ ಬಡಗಿ, ಮಂಚವನ್ನೇ ಎರಡು ಹೋಳು ಮಾಡುತ್ತೇನೆಂದು ಸುಮ್ಮನೆ ಹೆದರಿಸಲು ಗರಗಸ ತಂದಿದ್ದ. ಅದನ್ನು ಕಂಡ ಕೂಡಲೇ ಇಬ್ಬರೂ ಕೈ ಹಿಡಿದು ರಾಜಿಯಾಗುತ್ತಾರೆ ಎಂದು ಅವನ ಲೆಕ್ಕಾಚಾರ. ಮಗಳು ಸೊಂಟದ ಮೇಲೆ ಕೈಯಿಟ್ಟು, ಕಿಟಕಿಯ ಕಡೆಯದು ತನ್ನದು ಎಂದಳು. ಮಗ ಬಗ್ಗಿ ನೋಡಿ, ಗೆರೆ ತನ್ನ ಕಡೆಗೇ ವಾಲಿದೆ, ಸರಿಯಾಗಿ ಅಳೆಯಬೇಕು ಎಂದ.

ಮನೆಯಲ್ಲಿ ಮಗಳಿಗೆ ವಕೀಲಮ್ಮ ಅಂತಲೇ ಹೆಸರು. ಮಗ ಅಳಲು ಕೂತರೆ ನಿಲ್ಲಿಸುವವನಲ್ಲ, ಹಾಗಾಗಿ ಅವನು ಪಿಟೀಲು. ಅವರ ಜಗಳ ಹೊಸದೇನಲ್ಲ. ಆದರೆ ಈಚೆಗೆ ಅದು ಮಂಚ ಹತ್ತಿ ಕೂತಿತ್ತು. ದೀಪ ಆರಿಸಿದ ಮೇಲೆ ತಮ್ಮ ಬೇಕಂತಲೇ ಉಗುರಿನಿಂದ ಮರ ಕೆರೆದು ನಿದ್ದೆ ಕೆಡಿಸುತ್ತಾನೆ ಎಂದು ಅವಳ ದೂರು. ಕೆರೆಯುವವಳು ಅಕ್ಕನೇ, ಆಮೇಲೆ ಅಮ್ಮನ ಹತ್ತಿರ ತನ್ನನ್ನು ಬೈಸುತ್ತಾಳೆ ಎಂದು ಇವನು. ಇಬ್ಬರೂ ಆಣೆ ಹಾಕುತ್ತಿದ್ದರು, ಇಬ್ಬರಲ್ಲೂ ಸುಳ್ಳಿನ ಮುಖವಿರಲಿಲ್ಲ. ಬಡಗಿಗೆ ಆಶ್ಚರ್ಯವಾಗುತ್ತಿದ್ದದ್ದು ಅದೇ.

ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತಲೇ ಹೇಳಿದ್ದಳು. ಇವತ್ತು ಇದನ್ನು ಬಗೆಹರಿಸದಿದ್ದರೆ ಮಗನನ್ನು ತನ್ನ ಅಕ್ಕನ ಮನೆಗೆ ಕಳಿಸಿ, ಅಲ್ಲೇ ಸ್ಕೂಲಿಗೆ ಸೇರಿಸುತ್ತಾಳಂತೆ. ರಾತ್ರಿಯೆಲ್ಲ ಪಂಚಾಯ್ತಿ ಮಾಡಿ ಅವಳಿಗೂ ಸಾಕಾಗಿತ್ತು. "ನಿಮಗೆ ಹೇಳೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ" ಎಂದು ಸೇರಿಸುವುದನ್ನು ಮರೆತಿರಲಿಲ್ಲ. ಬಡಗಿ ಹ್ಞೂಂಗುಟ್ಟಿದ್ದ.

ಈಗ ಗೆರೆಯ ವಾದ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ತಿರುಗಿ ತಿರುಗಿ ನಿಂತಿತು. ಮಕ್ಕಳು ಇದ್ದಕ್ಕಿದ್ದಂತೆ ಕಲ್ಲಾದರು. ವಕೀಲಮ್ಮ ತಮ್ಮನ ಕೈ ನೋಡಿದಳು, ಪಿಟೀಲು ಅಕ್ಕನ ಕೈ ನೋಡಿದ. ನಾಲ್ಕು ಕೈಗಳೂ ಮಂಚದಿಂದ ದೂರ ಇದ್ದವು.

"ನೀನಲ್ವೇನೋ ಹಾಗಾದ್ರೆ?" ಎಂದಳು ಅವಳು ಪಿಸುದನಿಯಲ್ಲಿ.

ಬಡಗಿ ಕಿವಿ ನಿಮಿರಿಸಿದ. ಏನೂ ಇಲ್ಲ. ಎಷ್ಟೋ ವರ್ಷದಿಂದ ಕಿವಿಯೊಳಗೆ ಕೂತಿದ್ದ ಸುಯ್ಯೆನ್ನುವ ಸದ್ದೊಂದೇ. ಇಬ್ಬರೂ ಸೇರಿ ತನ್ನನ್ನು ಮಂಗ ಮಾಡುತ್ತಿದ್ದಾರೆ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಈ ಇಬ್ಬರು ಸೇರಿ ಏನನ್ನಾದರೂ ಮಾಡಿದ್ದು ಅವನಿಗೆ ನೆನಪಿರಲಿಲ್ಲ.

"ಅಪ್ಪ, ನಿಂಗೆ ಕೇಳಿಸ್ತಿಲ್ವಾ? ಕರ್ ಕರ್ ಅಂತಿದೆ" ಎಂದ ಮಗ.

ಹ್ಞೂಂ ಅನ್ನಲು ಬಾಯಿ ತೆರೆದ. ಅದು ಅವನ ಅಭ್ಯಾಸ. ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ, ಹೆಂಡತಿಯ ಮುಂದೆ, ಅರ್ಧ ಕೇಳದಿದ್ದರೂ ಹ್ಞೂಂ. ಮಕ್ಕಳು ಕಣ್ಣರಳಿಸಿ ಅವನನ್ನೇ ನೋಡುತ್ತಿದ್ದರು. ಅವನು ಗರಗಸವನ್ನು ಗೋಡೆಗೆ ಒರಗಿಸಿದ.

"ಇಲ್ಲ ಕಣೋ. ಕಾರ್ಖಾನೆಯ ಮರ ಕೊಯ್ಯೋ ಮೆಶೀನಿನ ಮುಂದೆ ನಿಂತೂ ನಿಂತೂ ನನ್ನ ಕಿವಿ ಹೋಗಿದೆ. ಸಣ್ಣ ಸದ್ದು ಕೇಳಲ್ಲ. ಎಲ್ಲಿಂದ ಬರ್ತಿದೆ ಅಂತ ನೀವೇ ಹುಡುಕಿಕೊಡಬೇಕು."

ವಕೀಲಮ್ಮ ತಲೆಹಲಗೆಯ ಒಂದು ತುದಿಗೆ ಕಿವಿಯಾನಿಸಿದಳು. ತಮ್ಮ, ಯಾರೂ ಹೇಳದೆಯೇ, ಇನ್ನೊಂದು ತುದಿಗೆ ಹೋದ. ಇಲ್ಲಿ ಕಮ್ಮಿ ಎಂದು ಅವಳು ಸರಿದಳು, ಇಲ್ಲಿ ಜಾಸ್ತಿ ಎಂದು ಇವನು ಸರಿದ. ಸದ್ದು ನಿಂತರೆ ಇಬ್ಬರೂ ಉಸಿರು ಹಿಡಿಯುತ್ತಿದ್ದರು. ಗೇಣು ಗೇಣಾಗಿ ಸರಿಯುತ್ತಾ ಬಂದು ಕೊನೆಗೆ ಇಬ್ಬರ ತಲೆಗಳೂ ಢಿಕ್ಕಿ ಹೊಡೆದವು. ಬೇರೆ ದಿನವಾಗಿದ್ದರೆ ಅಷ್ಟು ಸಾಕಿತ್ತು, ಪಿಟೀಲು ಶುರುವಾಗುತ್ತಿತ್ತು. ಅವನು ಹಣೆ ಉಜ್ಜಿಕೊಂಡು, "ಇಲ್ಲೇ" ಎಂದ. ಅಕ್ಕನೂ "ಇಲ್ಲೇ" ಎಂದಳು.

ಬಡಗಿ ಹಾಸಿಗೆ ಸರಿಸಿದ. ಪಟ್ಟಿಯ ಮೇಲೆ ಗೋಧಿಹಿಟ್ಟಿನಂಥ ಪುಡಿ ಉದುರಿತ್ತು, ಅದರ ಮೇಲೆ ತಲೆಹಲಗೆಯಲ್ಲಿ ಸೂಜಿ ತೂರುವಷ್ಟು ತೂತು. ಮಗಳು ಹುಟ್ಟುವ ಮುಂಚೆ ತಾನೇ ಆರಿಸಿ, ತಾನೇ ಕೀಸಿದ ಮರಕ್ಕೆ ಹುಳು ಹತ್ತಿತ್ತು. ಆದರೆ ಮಕ್ಕಳ ಮುಖದಲ್ಲಿದ್ದ ಕುತೂಹಲ ಅವನಿಗೂ ಅಂಟಿತು. ಮಗ ಟಾರ್ಚು ಹಿಡಿದ, ಮಗಳು ಉಳಿ ಎತ್ತಿಕೊಟ್ಟಳು, ಅವನು ಎಳೆ ಎಳೆಯಾಗಿ ಮರ ಬಿಡಿಸಿದ. ಅಕ್ಕಿಕಾಳಿನಷ್ಟು ದಪ್ಪದ ಬಿಳಿ ಹುಳುವೊಂದು ಅಂಗೈಗೆ ಉರುಳಿತು.

ಇಷ್ಟು ದಿನ ತಮ್ಮನ್ನು ಕಚ್ಚಾಡಿಸಿದ್ದು ಇದೇನಾ ಎಂದು ಇಬ್ಬರೂ ಬಾಗಿ ನೋಡಿದರು. ಅದರ ಹಲ್ಲೆಲ್ಲಿದೆ, ಮರ ತಿಂದು ಹೇಗೆ ಅರಗಿಸಿಕೊಳ್ಳುತ್ತೆ, ಕತ್ತಲಲ್ಲಿ ದಾರಿ ಹೇಗೆ ಗೊತ್ತಾಗುತ್ತೆ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಬಡಗಿಗೆ ಗೊತ್ತಿದ್ದದ್ದು ಕಮ್ಮಿ. ಗೊತ್ತಿಲ್ಲ ಎಂದೇ ಹೇಳಿದ. ಹಾಗೆ ಹೇಳುವುದು ಇಷ್ಟು ಸಲೀಸು ಎಂದು ಅವನಿಗೆ ತಿಳಿದಿರಲಿಲ್ಲ.

"ಇದಕ್ಕೂ ತಮ್ಮ ಇರ್ತಾನಾ?" ಎಂದ ಮಗ.

"ಇದ್ರೆ ಒಳಗೇ ಇರ್ತಾನೆ. ಸುಮ್ನಿರು, ಕೇಳೋಣ" ಎಂದಳು ಅಕ್ಕ.

ಮೂವರೂ ಹಾಸಿಗೆಯಿಲ್ಲದ ಮಂಚದ ಪಟ್ಟಿಗಳ ಮೇಲೆ ಬೋರಲು ಮಲಗಿದರು, ಬಡಗಿ ನಡುವೆ. ಮಕ್ಕಳಂತೆ ಅವನೂ ಹಲಗೆಗೆ ಕಿವಿ ಕೊಟ್ಟ. ಅವನಿಗೆ ಮರ ತಣ್ಣಗಿತ್ತು, ಅಷ್ಟೇ. ತುಸು ಹೊತ್ತಿನ ಮೇಲೆ ಮಗಳ ಕಣ್ಣು ಅಗಲವಾಯಿತು. ಅವಳು ಬಾಯಿ ಬಿಡದೆ ಅವನ ಎಡಗೈಯನ್ನು ಹತ್ತಿರ ಎಳೆದುಕೊಂಡು, ಮುಂಗೈ ಮೇಲೆ ಕೇಳಿದ ಸದ್ದಿನ ತಾಳಕ್ಕೆ ಬೆರಳಿನಿಂದ ಮೆತ್ತಗೆ ತಟ್ಟಿದಳು. ನಿಲ್ಲಿಸಿದಳು. ಮತ್ತೆ ತಟ್ಟಿದಳು. ಅದೇ ಕ್ಷಣಕ್ಕೆ ಬಲಗೈ ಮೇಲೆ ಮಗನ ಬೆರಳೂ ಬಿತ್ತು.