ಬಾಗಿಲು ಕಾದವರು

ನನ್ನ ಅಮ್ಮನಿಗೆ ಇಬ್ಬರು ತಮ್ಮಂದಿರು. ದೊಡ್ಡವರು ಒಂದು ದಿನಪತ್ರಿಕೆಯಲ್ಲಿ ಮೂವತ್ತೊಂದು ವರ್ಷ ದುಡಿದು ಸುದ್ದಿ ಸಂಪಾದಕರಾಗಿ ನಿವೃತ್ತರಾದವರು. ಯಾವ ಸುದ್ದಿ ಪುಟಕ್ಕೆ ಹೋಗಬೇಕು, ಯಾವುದು ಕಸದ ಬುಟ್ಟಿಗೆ ಎಂದು ತೀರ್ಮಾನಿಸುವುದೇ ಅವರ ಕೆಲಸವಾಗಿತ್ತು. ಮನೆಯಲ್ಲೂ ಯಾರಾದರೂ ಉದ್ದಕ್ಕೆ ಏನಾದರೂ ಹೇಳತೊಡಗಿದರೆ, "ಮೊದಲ ಸಾಲು ಹೇಳು, ಮಿಕ್ಕಿದ್ದು ಬೇಕಾದ್ರೆ ಕೇಳ್ತೀನಿ" ಎನ್ನುತ್ತಿದ್ದರು. ಹಾಗಾಗಿ ಪತ್ರಿಕೆಯ ಸುದ್ದಿ ಮೇಜಿನ ಹೆಸರಿನಲ್ಲೇ ನಮಗೆಲ್ಲ ಅವರು ಡೆಸ್ಕ್ ಮಾವ. ಚಿಕ್ಕವರು ನಾಲ್ಕು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ ಒಂದು ಗೂಡಿನಷ್ಟು ಅಗಲದ ಅಂಗಡಿಯಲ್ಲಿ ಮೊದಲು ರೇಡಿಯೊ, ಆಮೇಲೆ ಟಿವಿ, ಈಗ ಮೊಬೈಲು ರಿಪೇರಿ ಮಾಡುತ್ತಿದ್ದರು. ಮದುವೆಯಾಗಿರಲಿಲ್ಲ. ಅಜ್ಜಿ ತೀರಿಕೊಂಡಾಗ ಅವರಿಗೆ ಆರು ವರ್ಷ. ಎತ್ತಿ ಆಡಿಸಿದವಳು, ಅಕ್ಷರ ತಿದ್ದಿಸಿದವಳು ಎಲ್ಲ ನನ್ನ ಅಮ್ಮನೇ. ಐವತ್ತೆರಡಾದರೂ ಅವಳ ಬಾಯಲ್ಲಿ ಅವರು ಪುಟ್ಟ.

ನಾನು ಕಾಲೇಜಿನಲ್ಲಿ ಸಂವಹನ ಶಾಸ್ತ್ರ ಪಾಠ ಮಾಡುತ್ತೇನೆ. ದ್ವಾರಪಾಲಕ ಸಿದ್ಧಾಂತದ ಪಾಠ ಬಂದಾಗಲೆಲ್ಲ ಡೆಸ್ಕ್ ಮಾವನ ಉದಾಹರಣೆ ಕೊಡುತ್ತಿದ್ದೆ. ಸುದ್ದಿ ಹುಟ್ಟಿದಲ್ಲಿಂದ ಓದುಗನ ತನಕ ಹಲವು ಬಾಗಿಲುಗಳಿವೆ, ಪ್ರತಿ ಬಾಗಿಲಲ್ಲೂ ಒಬ್ಬರು ಕೂತು ಒಳಗೆ ಬಿಡಬೇಕೋ ಬೇಡವೋ ಎಂದು ನೋಡುತ್ತಾರೆ ಎಂಬುದು ಅದರ ತಿರುಳು. ಮಾವನಿಗೇ ಅದರಲ್ಲಿ ನಂಬಿಕೆ ಉಳಿದಿರಲಿಲ್ಲ. "ಈಗ ಗೋಡೆನೇ ಇಲ್ಲ, ಬಾಗಿಲು ಇಟ್ಕೊಂಡು ಏನು ಮಾಡ್ತೀಯ? ನಿನ್ನ ಪಾಠ ನನ್ನ ಜೊತೆಗೇ ರಿಟೈರ್ ಆಯ್ತು" ಎಂದು ನಗುತ್ತಿದ್ದರು.

ಅಮ್ಮನ ಹೃದಯದ ಕವಾಟ ಕೆಟ್ಟಿತ್ತು. ಶುಕ್ರವಾರ ಆಪರೇಷನ್ ಎಂದು ಗೊತ್ತಾಗಿ ಸೋಮವಾರವೇ ಆಸ್ಪತ್ರೆಗೆ ಸೇರಿಸಿದ್ದೆವು. ಮಂಗಳವಾರ ಬೆಳಗ್ಗೆ ಆರೂವರೆಗೆ ಡೆಸ್ಕ್ ಮಾವನ ಫೋನು ಬಂತು.

"ಪುಟ್ಟ ಹೋಗ್ಬಿಟ್ಟ ಕಣೆ," ಎಂದರು. ಮೊದಲ ಸಾಲನ್ನಷ್ಟೇ ಹೇಳಿದ್ದರು. ಚಿಕ್ಕ ಮಾವ ಎಂದಿನಂತೆ ಬೆಳಗಿನ ಆರಕ್ಕೇ ಅಂಗಡಿಯ ಶಟರ್ ಎತ್ತುತ್ತಾ ಕುಸಿದಿದ್ದರು. ಮತ್ತೆ ಏಳಲಿಲ್ಲ.

ಏಳರ ಹೊತ್ತಿಗೆ ಮಾವ ಆಸ್ಪತ್ರೆಗೆ ಬಂದರು, ಇಬ್ಬರೂ ಡಾಕ್ಟರನ್ನು ಕಂಡೆವು. ಅವರು ಖಡಾಖಂಡಿತವಾಗಿ ಹೇಳಿಬಿಟ್ಟರು: ಆಪರೇಷನ್ ಮುಂದಕ್ಕೆ ಹಾಕುವ ಹಾಗಿಲ್ಲ, ಅಷ್ಟರೊಳಗೆ ಆಕೆಯ ಮನಸ್ಸಿಗೆ ಪೆಟ್ಟು ಬೀಳುವ ಹಾಗೂ ಇಲ್ಲ. ಮಾವ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. "ಸರಿ. ಅಕ್ಕನಿಗೆ ಹೇಳೋದು ಬೇಡ. ಯಾವಾಗ, ಹೇಗೆ ಅನ್ನೋದು ನನಗೆ ಬಿಡು. ಇದು ನನ್ನ ಕೈ ದಾಟಿ ಹೋಗಬಾರ್ದು" ಎಂದರು.

ಆಸ್ಪತ್ರೆಯ ಕಾರಿಡಾರಿನ ಕಬ್ಬಿಣದ ಬೆಂಚೇ ಅವರ ಡೆಸ್ಕ್ ಆಯಿತು. ಬಂಧುಗಳ ಪಟ್ಟಿ ಮಾಡಿದರು. ಒಬ್ಬೊಬ್ಬರಿಗೂ ಫೋನು ಮಾಡಿ, ಕುಟುಂಬದ ಗುಂಪಿನಲ್ಲಿ ಒಂದಕ್ಷರ ಹಾಕಕೂಡದು ಎಂದು ತಾಕೀತು ಮಾಡಿದರು. ನೋಡಲು ಬರುವವರು ಮೊದಲು ನನ್ನನ್ನು ಕಂಡೇ ಒಳಗೆ ಹೋಗಬೇಕು ಎಂದು ನಿಯಮ ಮಾಡಿದರು. ಕೊನೆಗೆ ಉಳಿದದ್ದು ಅಮ್ಮನ ಫೋನು. ಎಂಟು ಗಂಟೆಗೆ ಇಬ್ಬರೂ ಮುಖ ತೊಳೆದುಕೊಂಡು, ಮುಖದ ಮೇಲೆ ಒಂದಿಷ್ಟು ಗೆಲುವು ತಂದುಕೊಂಡು ಮಹಿಳೆಯರ ವಾರ್ಡಿಗೆ ಹೋದೆವು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ಅಕ್ಕ, ಇಲ್ಲಿ ಮೆಷಿನ್‌ಗಳಿಗೆ ತೊಂದ್ರೆ ಆಗತ್ತಂತೆ, ಫೋನ್ ಇಟ್ಕೊಳ್ಳೋ ಹಾಗಿಲ್ವಂತೆ. ಕೊಡು ಇಲ್ಲಿ," ಎಂದರು ಮಾವ.

ಅಮ್ಮ ತಿರುಗಿ ನಮ್ಮಿಬ್ಬರ ಮುಖವನ್ನೂ ನೋಡಿದಳು. "ಇರು, ಒಂದು ಗುಡ್ ಮಾರ್ನಿಂಗ್ ಕಳಿಸೋದು ಬಾಕಿ ಇದೆ," ಎಂದು ಹೊದಿಕೆಯೊಳಗೇ ಏನೋ ಒತ್ತಿ, ಫೋನನ್ನು ಮಾವನ ಕೈಗಿಟ್ಟಳು. ದಿನಾ ಹೂವಿನ ಚಿತ್ರದ ಶುಭೋದಯ ಕಳಿಸುವ ಚಟ ಅವಳಿಗೆ. ಹೊರಗೆ ಬಂದು ಫೋನನ್ನು ಜಾಲಾಡಿದೆವು. ಸುದ್ದಿಯ ಸುಳಿವೂ ಇರಲಿಲ್ಲ. "ದೇವರು ದೊಡ್ಡವನು," ಎಂದು ಮಾವ ಉಸಿರು ಬಿಟ್ಟರು.

ಮಾವ ತಮ್ಮನ ಮಣ್ಣಿಗೆ ಹೋಗಿ ಬುಧವಾರ ಸಂಜೆ ವಾಪಸಾದರು. ಹಳೆಯ ಸಹೋದ್ಯೋಗಿಗೆ ಮೈ ಚೆನ್ನಾಗಿಲ್ಲ, ನೋಡಲು ಹೋಗಿದ್ದಾರೆ ಎಂದು ನಾನು ಅಮ್ಮನಿಗೆ ಹೇಳಿದ್ದೆ. ಅವಳು ಹೆಚ್ಚು ಕೆದಕಲಿಲ್ಲ. ಪಕ್ಕದ ಮಂಚದಲ್ಲಿ ಒಬ್ಬ ಹೆಂಗಸಿದ್ದಳು. ಸಿಟಿ ಬಸ್ಸು ಓಡಿಸುವವಳು, ದಪ್ಪ ದನಿ, ಕಾಲಿಗೆ ಬ್ಯಾಂಡೇಜು. ಅಮ್ಮ ಹೆಚ್ಚಿನ ಹೊತ್ತು ಅವಳ ಜೊತೆ ಪಿಸುಗುಡುತ್ತಿದ್ದಳು. ಅಮ್ಮನಿಗೆ ಹೊತ್ತು ಹೋಗುತ್ತಿದೆಯಲ್ಲ ಎಂದು ನನಗೆ ಸಮಾಧಾನವೇ ಆಗಿತ್ತು.

ಗುರುವಾರ ಸಂಜೆ, ಆಪರೇಷನ್ನಿನ ಹಿಂದಿನ ದಿನ, ಅಮ್ಮ ಇದ್ದಕ್ಕಿದ್ದಂತೆ ಕೇಳಿದಳು: "ಪುಟ್ಟ ಫೋನ್ ಮಾಡಿದ್ನೇನೋ?"

ನಾನು ಥರ್ಮಾಸ್ ಮುಚ್ಚಳ ತಿರುಗಿಸುತ್ತಲೇ ನಿಂತೆ. ಮಾವ, "ಮಾಡಿದ್ದ. ಅಕ್ಕ ಧೈರ್ಯವಾಗಿರ್ಲಿ ಅಂದ. ಅಂಗಡಿ ಬಿಟ್ಟು ಬರೋಕೆ ಆಗ್ತಿಲ್ವಂತೆ" ಎಂದರು.

"ಹೌದಾ," ಎಂದಳು ಅಮ್ಮ. "ಊಟ ಸರಿಯಾಗಿ ಮಾಡು ಅಂತ ಹೇಳು ಅವನಿಗೆ."

ಹೊರಗೆ ಬಂದ ಮಾವ ಬೆಂಚಿನ ಮೇಲೆ ಕೂತರು. "ಮೂವತ್ತೊಂದು ವರ್ಷದಲ್ಲಿ ಎಷ್ಟೋ ಸುದ್ದಿ ಬಿಟ್ಟಿದೀನಿ. ಬಿಡೋದು ಬೇರೆ. ಇಲ್ಲದ್ದನ್ನ ಬರೆದಿದ್ದು ಇವತ್ತೇ ಮೊದಲು," ಎಂದರು. ಅಂದು ಅವರು ಕ್ಯಾಂಟೀನಿನ ಕಡೆ ತಲೆ ಹಾಕಲಿಲ್ಲ.

ಆಪರೇಷನ್ ಸರಿಯಾಗಿ ಆಯಿತು. ಸೋಮವಾರ ನಾನು ಎರಡು ಗಂಟೆ ಪುರುಸೊತ್ತು ಮಾಡಿಕೊಂಡು ಕಾಲೇಜಿಗೆ ಹೋದೆ. ಪಾಠ ಅದೇ, ದ್ವಾರಪಾಲಕ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಇದೆಲ್ಲ ಪೇಪರ್ ಕಾಲದ್ದಲ್ವಾ? ನನ್ನ ಫೋನಿಗೆ ಬರೋದನ್ನ ಈಗ ಯಾರು ತಡೀತಾರೆ?" ಎಂದಳು. ಇಡೀ ತರಗತಿ ನಕ್ಕಿತು. ಈಗ ಆ ಕೆಲಸವನ್ನು ಕಂಪನಿಗಳ ಲೆಕ್ಕಾಚಾರದ ಯಂತ್ರಗಳು ಮಾಡುತ್ತವೆ, ಯಾವುದು ಮೇಲೆ ಕಾಣಬೇಕು ಎಂದು ಅವೇ ತೀರ್ಮಾನಿಸುತ್ತವೆ ಎಂದು ಪುಸ್ತಕದ ಉತ್ತರ ಕೊಟ್ಟೆ. ಮನಸ್ಸಿನಲ್ಲಿ ಮಾತ್ರ ಬೇರೆಯೇ ಓಡುತ್ತಿತ್ತು. ಯಾಕಿಲ್ಲ? ಒಬ್ಬ ಮುದುಕ, ಒಂದು ಬೆಂಚು, ಒಂದು ಪಟ್ಟಿ. ಏಳು ದಿನದಿಂದ ಒಂದೇ ಒಂದು ಸುದ್ದಿಯನ್ನು ಒಬ್ಬಳ ಹತ್ತಿರ ಸುಳಿಯಲು ಬಿಟ್ಟಿಲ್ಲ. ಹಳೆಯ ಸಿದ್ಧಾಂತ ಇನ್ನೂ ಗಟ್ಟಿಯಾಗಿದೆ ಎಂದು ಒಳಗೊಳಗೇ ಒಂದು ಹೆಮ್ಮೆ. ಅಂಥ ಹೊತ್ತಿನಲ್ಲಿ ಹೆಮ್ಮೆಪಟ್ಟೆನಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಬುಧವಾರ ಡಾಕ್ಟರು, ಇನ್ನು ಹೇಳಬಹುದು ಎಂದರು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಜೇಬಿನಲ್ಲಿ ಒಂದು ಚೀಟಿಯಿತ್ತು. ನಾಲ್ಕು ಸಾಲು, ಎರಡು ಕಡೆ ಹೊಡೆದು ತಿದ್ದಿದ್ದರು. ಅಮ್ಮ ವಾರ್ಡಿನ ಅದೇ ಮಂಚಕ್ಕೆ ವಾಪಸಾಗಿ, ದಿಂಬಿಗೆ ಒರಗಿ ಕೂತಿದ್ದಳು. ಮಾವ ಸ್ಟೂಲು ಎಳೆದುಕೊಂಡು ಕೂತರು. "ಅಕ್ಕ, ಒಂದು ವಿಷಯ..." ಎಂದು ಜೇಬಿಗೆ ಕೈ ಹಾಕಿದರು.

ಅಮ್ಮ ಅವರ ಕೈ ಹಿಡಿದುಕೊಂಡಳು. "ನನಗೆ ಗೊತ್ತು ಕಣೋ. ಮಂಗಳವಾರ ಬೆಳಗ್ಗೇನೇ ಗೊತ್ತು."

"ಯಾರು ಹೇಳಿದ್ದು?" ಎಂದೆ ನಾನು. ನನ್ನ ದನಿಯಲ್ಲಿ ಸಿಟ್ಟೇ ಇತ್ತು.

"ಪುಟ್ಟ ತನ್ನ ಅಂಗಡಿ ಗಿರಾಕಿಗಳದ್ದೊಂದು ಗುಂಪು ಮಾಡಿದ್ನಲ್ಲ. ಯಾರ ಫೋನ್ ರೆಡಿ ಆಯ್ತು ಅಂತ ಅದ್ರಲ್ಲಿ ಹಾಕೋನು. ನನ್ನ ಹೂವಿನ ಚಿತ್ರ ನೋಡಿ ಎಲ್ಲರೂ ಖುಷಿಪಡ್ತಾರೆ ಅಂತ ನನ್ನೂ ಸೇರಿಸಿದ್ದ. ಏಳೂಕಾಲಿಗೆ ಅದ್ರಲ್ಲಿ ಬಂತು. ನಮ್ಮ ರಿಪೇರಿ ಅಣ್ಣ ಇನ್ನಿಲ್ಲ ಅಂತ. ಕೆಳಗೆ ಅವನ ಫೋಟೊ."

ಆ ಗುಂಪು ಇದೆಯೆಂದೇ ನಮಗೆ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ನಾವು ಬರೆದದ್ದು ಬರೀ ಬಂಧುಗಳನ್ನು.

"ಮತ್ತೆ ಫೋನಲ್ಲಿ ಏನೂ ಇರ್ಲಿಲ್ಲ," ಎಂದರು ಮಾವ.

"ನೀವಿಬ್ರೂ ಬಂದ್ರಲ್ಲ, ಮುಖ ತೊಳ್ಕೊಂಡು, ನಗ್ತಾ. ಕಣ್ಣು ಮಾತ್ರ ಕೆಂಡ. ಮುಚ್ಚಿಡೋಕೆ ಬಂದಿದಾರೆ ಅಂತ ತಿಳೀತು. ಆ ಗುಂಪಿಂದ ಹೊರಗೆ ಬಂದು, ಅದನ್ನೇ ಅಳಿಸಿ ಕೊಟ್ಟೆ. ನನಗೆ ಗೊತ್ತು ಅಂತ ಗೊತ್ತಾದ್ರೆ ನೀವು ಇನ್ನಷ್ಟು ಹೆದರ್ತೀರ. ಆಪರೇಷನ್ ಬೇಡ ಅಂದ್ಬಿಡ್ತೀರ."

"ಮತ್ತೆ ಅವನು ಫೋನ್ ಮಾಡಿದ್ನಾ ಅಂತ ಕೇಳಿದ್ಯಲ್ಲ, ಅಕ್ಕ," ಎಂದರು ಮಾವ. "ನನ್ನ ಬಾಯಲ್ಲಿ ಸುಳ್ಳು ಆಡಿಸ್ದೆ."

"ಮೂರು ದಿನ ನಾನು ಅವನ ಹೆಸರೇ ಎತ್ತಿರ್ಲಿಲ್ಲ. ನಿನಗೆ ಅನುಮಾನ ಬರ್ತಿತ್ತು." ಅಮ್ಮ ಹೊದಿಕೆ ಸರಿಮಾಡಿಕೊಂಡಳು. "ಇನ್ನೊಂದು ನಿಜ ಹೇಳ್ಲಾ? ಕೇಳಿದ್ರೆ ನೀನು ಹೇಳಿಬಿಡ್ತೀಯೇನೋ ಅಂತ ಒಂದು ಆಸೆನೂ ಇತ್ತು. ಹೇಳಿಬಿಟ್ಟಿದ್ರೆ ಮೂರೂ ಜನ ಒಟ್ಟಿಗೆ ಅತ್ಬಿಡಬಹುದಾಗಿತ್ತು. ನಾನು ನಲ್ಲಿ ಬಿಟ್ಟು ಬಾತ್‌ರೂಮಲ್ಲಿ ಅತ್ತೆ. ಪಾಪ, ಈ ಬಸ್ಸಿನಮ್ಮ ಇಲ್ಲದಿದ್ರೆ ನನ್ನ ಎದೆ ಆಪರೇಷನ್ ತನಕ ತಡೀತಿರ್ಲಿಲ್ಲ."

ಪಕ್ಕದ ಮಂಚದ ಹೆಂಗಸು ನಮ್ಮ ಕಡೆ ನೋಡದೆ, "ನಾನೇನು ಮಾಡ್ದೆ, ಕೇಳಿಸ್ಕೊಂಡೆ ಅಷ್ಟೆ," ಎಂದಳು.

ಮಾವ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ಹಾಕಿ ನಿಂತರು. ಅವರ ಭುಜ ಅಲುಗುತ್ತಿತ್ತು. ತಮ್ಮನ ಮಣ್ಣಿನಲ್ಲೂ ಅವರು ಅತ್ತಿರಲಿಲ್ಲವಂತೆ. ಎಲ್ಲವನ್ನೂ ಮುಂದೆ ನಿಂತು ನಡೆಸಿದ್ದರು. ಅಮ್ಮ ಬಹಳ ಹೊತ್ತು ಕಾದು, "ಬಾ, ಕೂತ್ಕೋ. ಹೇಗಾಯ್ತು ಅಂತ ಹೇಳು. ಬಿಡದೆ ಎಲ್ಲ ಹೇಳು" ಎಂದಳು. ಅವರು ಬಂದು ಕೂತು ಹೇಳಿದರು. ಚೀಟಿ ಜೇಬಿನಿಂದ ಹೊರಗೆ ಬರಲೇ ಇಲ್ಲ.

ಆ ವಾರ ನಾನೊಂದು ವಿಚಾರ ಸಂಕಿರಣಕ್ಕೆ ಪ್ರಬಂಧ ಬರೆಯಬೇಕಿತ್ತು. ಹಳೆಯ ಮಾಧ್ಯಮ ಸಿದ್ಧಾಂತಗಳು ಈ ಕಾಲಕ್ಕೆ ಸಲ್ಲುತ್ತವೆಯೇ ಎಂಬುದು ವಿಷಯ. ಸಲ್ಲುತ್ತವೆ ಎಂದು ಅರ್ಧ ಬರೆದಿಟ್ಟಿದ್ದೆ. ಅದನ್ನು ಹರಿದುಹಾಕಿದೆ. ಸಲ್ಲುವುದಿಲ್ಲ ಎಂದು ಬರೆಯಲೂ ಕೈ ಬರಲಿಲ್ಲ, ಏಕೆಂದರೆ ಬಾಗಿಲು ಇತ್ತು, ಕಾಯುವವರೂ ಇದ್ದರು. ನಾವು ಕಾರಿಡಾರಿನಲ್ಲಿ ಕಾಯುತ್ತಿದ್ದಾಗ ಅದೇ ಬಾಗಿಲನ್ನು ಅಮ್ಮ ಒಳಗಿನಿಂದ ಹಿಡಿದುಕೊಂಡಿದ್ದಳು. ಸುದ್ದಿಯನ್ನು ಪಡೆಯುವವಳೂ ಯಾರನ್ನೋ ಕಾಯಬಹುದು ಎಂಬುದು ನಾನು ಓದಿದ ಪುಸ್ತಕಗಳ ಯಾವ ರೇಖಾಚಿತ್ರದಲ್ಲೂ ಇರಲಿಲ್ಲ. ಬಾಣದ ಗುರುತುಗಳೆಲ್ಲ ಅವಳ ಕಡೆಗೆ ಹೋಗಿ ಅಲ್ಲಿಗೇ ನಿಲ್ಲುತ್ತಿದ್ದವು. ಇದನ್ನೇ ಬರೆದು ಕಳಿಸಿದೆ. ಉದಾಹರಣೆ ತೀರಾ ಖಾಸಗಿಯಾಯಿತು ಎಂದು ಸಂಕಿರಣದವರು ವಾಪಸು ಕಳಿಸಿದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಅಮ್ಮನಿಗೆ ಪ್ರಯಾಣ ಮಾಡುವಷ್ಟು ಚೇತರಿಕೆ ಬರಲು ಎರಡು ತಿಂಗಳು ಹಿಡಿಯಿತು. ಅಂಗಡಿ ಖಾಲಿ ಮಾಡಿಕೊಡಬೇಕಿತ್ತು. ಮಾವ, ಅಮ್ಮ, ನಾನು ಮೂವರೂ ಹೋದೆವು. ಶಟರ್ ಎತ್ತಿದಾಗ ಮೇಜಿನ ಮೇಲೆ ಬಿಚ್ಚಿಟ್ಟ ಫೋನುಗಳು ಹಾಗೇ ಇದ್ದವು. ಒಂದೊಂದಕ್ಕೂ ರಬ್ಬರ್ ಬ್ಯಾಂಡ್ ಸುತ್ತಿ, ಚೀಟಿಯಲ್ಲಿ ಗಿರಾಕಿಯ ಗುರುತು ಬರೆದಿದ್ದರು: ಟೀಚರ್, ಹಾಲಿನವರು, ಮೂರನೇ ಮಹಡಿ ಅಜ್ಜಿ.

ನಾವು ಬಂದದ್ದನ್ನು ನೋಡಿ ಎದುರಿನ ಇಸ್ತ್ರಿ ಅಂಗಡಿಯವರು ರಸ್ತೆ ದಾಟಿ ಬಂದರು. ಅರವತ್ತರ ಹತ್ತಿರದ ಸಣಕಲು ಮನುಷ್ಯ. ಅಮ್ಮನನ್ನು ನೋಡಿ ಕೈ ಮುಗಿದು, "ಗುಂಪಲ್ಲಿ ಹಾಕಿದ್ದು ನಾನೇ ಅಮ್ಮಾ," ಎಂದರು. "ಮನೆಯವರು ನಿಮ್ಮಿಂದ ಮುಚ್ಚಿಟ್ಟಿದಾರೆ ಅಂತ ಮಣ್ಣಿನ ದಿನ ಈ ಸಾಹೇಬ್ರು ಯಾರಿಗೋ ಹೇಳ್ತಿದ್ದಾಗ ಕೇಳಿಸ್ತು. ಆಮೇಲೆ ನೋಡ್ತೀನಿ, ನಾನು ಹಾಕಿದಾಗ ಗುಂಪಲ್ಲಿ ನೀವೂ ಇದ್ರಿ. ಅವತ್ತಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ನಾನು ಎಂಥ ಕೆಲಸ ಮಾಡ್ಬಿಟ್ಟೆ."

ಅಮ್ಮ ಶಟರಿನ ಕಂಬ ಹಿಡಿದು ನಿಂತಳು. "ಅವನು ಬಿದ್ದಾಗ ಹತ್ತಿರ ಯಾರಿದ್ರು?"

"ನಾನೇ ಇದ್ದೆ. ಓಡಿ ಬಂದು ತಲೆ ತೊಡೆ ಮೇಲೆ ಇಟ್ಕೊಂಡೆ. ಅಕ್ಕನಿಗೆ ಶುಕ್ರವಾರ ಆಪರೇಷನ್ ಇದೆ, ಗುರುವಾರ ಹೊರಡ್ತೀನಿ ಅಂತ ಹಿಂದಿನ ಸಂಜೆ ಟೀ ಕುಡೀತಾ ಹೇಳಿದ್ರು. ಬಸ್ಸಿಗೆ ಟಿಕೆಟ್ಟೂ ಮಾಡಿಸಿದ್ರು."

ಇದು ನಮಗಾರಿಗೂ ಗೊತ್ತಿರಲಿಲ್ಲ. ಬರಲು ಆಗುವುದಿಲ್ಲವಂತೆ ಎಂದು ಸುಳ್ಳು ಹೇಳಿದ್ದ ಮಾವ ತಲೆ ತಗ್ಗಿಸಿದರು.

"ಬರೋನಿದ್ದ," ಎಂದಳು ಅಮ್ಮ ಮೆಲ್ಲಗೆ. "ನೋಡೋ, ಬರೋನಿದ್ದ." ಅಷ್ಟು ಹೇಳಿ, ತಮ್ಮನ ಕುರ್ಚಿಯಲ್ಲಿ ಕೂತು, ದನಿ ತೆಗೆದು ಅತ್ತಳು. ಮಾವ ಅವಳ ಪಕ್ಕ ನೆಲದ ಮೇಲೆ ಕೂತರು. ಇಸ್ತ್ರಿಯವರು ಹೋಗಲೋ ಇರಲೋ ಎಂದು ತಿಳಿಯದೆ ಅಲ್ಲೇ ನಿಂತಿದ್ದರು. ಅಮ್ಮನೇ ಕೈ ಸನ್ನೆ ಮಾಡಿ ಅವರನ್ನೂ ಕೂರಿಸಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಮೂರನೇ ಮಹಡಿಯ ಅಜ್ಜಿ ಕೋಲೂರಿಕೊಂಡು ಇಳಿದು ಬಂದರು. ಆಮೇಲೆ ಟೀಚರು, ಅವರ ಹಿಂದೆ ನನಗೆ ಗುರುತಿಲ್ಲದ ಇನ್ನಿಬ್ಬರು. ನಾವು ಬಂದದ್ದನ್ನು ಗುಂಪಿನಲ್ಲಿ ಯಾರೋ ಹಾಕಿದ್ದರು.