ಇಪ್ಪತ್ತು ಹೆಜ್ಜೆ ಹಿಂದೆ

ನಮ್ಮ ಮನೆಯವರಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾನು ಮಾತು ಮರೆಸುತ್ತಿದ್ದೆ. ಹದಿನಾಲ್ಕು ವರ್ಷ ಸ್ಕೂಟರಿನಲ್ಲಿ ಮನೆಮನೆಗೆ ಪಾರ್ಸೆಲ್ ತಲುಪಿಸಿದ ಮನುಷ್ಯ ಈಗ ಒಂದು ಡಬ್ಬದ ಹಿಂದೆ ನಡೆಯುತ್ತಿದ್ದರು. ಅದಕ್ಕೆ ಆರು ಚಕ್ರ, ಮೇಲೊಂದು ಬಾವುಟ. ತಾನೇ ದಾರಿ ನೋಡಿಕೊಂಡು ಹೋಗಿ ಊಟ, ದಿನಸಿ, ಔಷಧಿ ತಲುಪಿಸುವ ರೋಬೋ ಎಂದು ಕಂಪನಿ ಬೀದಿಬೀದಿಯಲ್ಲಿ ಬೋರ್ಡು ಹಾಕಿಸಿತ್ತು. ಫುಟ್‌ಪಾತಿನ ಅಂಚು ಗೇಣುದ್ದ ಎತ್ತರವಿದ್ದರೆ ಸಾಕು, ಅದರ ಜಾಣತನವೆಲ್ಲ ಅಲ್ಲಿಗೆ ಮುಗಿಯಿತು.

ಆಗ ಇವರು ಎತ್ತಿ ಇಡಬೇಕು. ಆದರೆ ಇವರು ಕಂಪನಿಯವರೆಂದು ಯಾರಿಗೂ ಗೊತ್ತಾಗಬಾರದು. ಯೂನಿಫಾರ್ಮ್ ಇಲ್ಲ, ಇಪ್ಪತ್ತು ಹೆಜ್ಜೆ ಹಿಂದಿರಬೇಕು, ದಾರಿಹೋಕನಂತೆ ಕಾಣಬೇಕು. ಅದಕ್ಕೆಂದು ಕಂಪನಿಯೇ ಒಂದು ತರಕಾರಿ ಚೀಲ ಕೊಟ್ಟಿತ್ತು. ಮದುವೆಯಾದಾಗಿನಿಂದ ಒಂದು ದಿನವೂ ನನ್ನ ಜೊತೆ ಚೀಲ ಹಿಡಿದು ಸಂತೆಗೆ ಬಾರದವರು ದಿನವಿಡೀ ಹಳೇ ಪೇಪರ್ ತುಂಬಿದ ಚೀಲ ಹೊತ್ತು ತಿರುಗುತ್ತಿದ್ದರು.

"ನಮ್ಮದು ಇವತ್ತು ಪಾರ್ಕ್ ದಾಟ್ತು ಕಣೇ."

"ದಾಟ್ತೋ, ನೀವು ದಾಟಿಸಿದ್ರೋ?"

"ಎರಡೇ ಸಲ ಎತ್ತಿದ್ದು."

ನನ್ನ ಹೊಲಿಗೆ ಅಂಗಡಿ ದೊಡ್ಡ ರಸ್ತೆಯ ತಿರುವಿನಲ್ಲಿದೆ. ಹಾಗಾಗಿ ಆ ಮಂಗಳವಾರ ನಡೆದದ್ದನ್ನು ಕಣ್ಣಾರೆ ಕಂಡೆ. ಕಂಪನಿಯ ದೊಡ್ಡ ಸಾಹೇಬರು ಅತಿಥಿಗಳೊಂದಿಗೆ ನೋಡಲು ಬರುತ್ತಾರೆ, ಎಡವಟ್ಟಾದರೆ ನಿಮ್ಮ ಕೆಲಸ ಹೋದ ಹಾಗೇ ಎಂದು ಸೂಪರ್‌ವೈಸರ್ ಮೊದಲೇ ಹೆದರಿಸಿದ್ದ. ಇವರಿಗೆ ತಿಂಡಿಯೂ ಸೇರಿರಲಿಲ್ಲ. ಐವತ್ತು ದಾಟಿದವರಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ?

ಕೋಟು ತೊಟ್ಟ ಐದು ಜನ ನನ್ನ ಅಂಗಡಿ ಮುಂದೆ ನಿಂತರು. ಡಬ್ಬ ರಸ್ತೆ ದಾಟಿ ಬಂದು ಫುಟ್‌ಪಾತಿನ ಅಂಚಿಗೆ ಮೂತಿ ತಾಗಿಸಿ ನಿಂತಿತು. ಹಿಂದೆ ಸರಿಯಿತು, ಮತ್ತೆ ತಾಗಿಸಿತು. ಸಿಗ್ನಲ್ ಬಿಟ್ಟಿತು, ಹಿಂದಿದ್ದ ಬಸ್ಸು ಹಾರ್ನ್ ಹೊಡೆಯತೊಡಗಿತು. ಸೂಪರ್‌ವೈಸರ್ ಮುಖ ಬಿಳಿಚಿಕೊಂಡಿತು.

ಇವರು ಅವಸರಪಡದೆ ಬಂದರು. ಎಲ್ಲರಿಗೂ ಕೇಳುವಂತೆ "ಅಯ್ಯೋ ಪಾಪ" ಎಂದು ಡಬ್ಬವನ್ನು ಎತ್ತಿ ಮೇಲಿಟ್ಟರು, ಅದರ ಬೆನ್ನು ತಟ್ಟಿದರು, ಹಿಂದಿರುಗಿಯೂ ನೋಡದೆ ಹೊರಟೇ ಹೋದರು. ಇವರ ಮುಖವನ್ನೇ ಕಂಡಿರದ ದೊಡ್ಡ ಸಾಹೇಬರು ಚಪ್ಪಾಳೆ ತಟ್ಟಿದರು. ನಾನೂ ಹೆಮ್ಮೆಯಿಂದ ಬೀಗಿದೆ, ಸುಳ್ಳೇಕೆ ಹೇಳಲಿ.

ಸಂಜೆ ಸೂಪರ್‌ವೈಸರ್ ಅಂಗಡಿಗೇ ಬಂದ. ಇವರೂ ಅಲ್ಲೇ ಇದ್ದರು.

"ಸಾಹೇಬ್ರಿಗೆ ತುಂಬಾ ಖುಷಿಯಾಯ್ತು. ಜನ ತಾವಾಗೇ ಎತ್ತಿ ಇಡ್ತಾರೆ ಅಂದ್ಮೇಲೆ ಸಂಬಳ ಕೊಟ್ಟು ಹಿಂದೆ ಒಬ್ರನ್ನ ಯಾಕೆ ಕಳಿಸ್ಬೇಕು ಅಂದ್ರು. ನಾಳೆಯಿಂದ ನೀವು ಬರೋದು ಬೇಡ."

"ಆ ಜನ ನಾನೇ ಅಲ್ವಾ ಸರ್?"

"ಅದು ಅವ್ರಿಗೆ ಗೊತ್ತಿಲ್ವಲ್ಲ. ಈಗ ನಿಜ ಹೇಳಿದ್ರೆ ನನ್ನ ಕೆಲಸಾನೂ ಹೋಗುತ್ತೆ."

ಥೂ, ಎಂಥ ಜನ್ಮಗಳೋ. ಇವರು ಮಾತ್ರ ಬಾಗಿಲವರೆಗೆ ಹೋಗಿ ಅವನನ್ನು ಕಳಿಸಿಕೊಟ್ಟರು.

ಮರುದಿನ ಮಧ್ಯಾಹ್ನ ಡಬ್ಬ ಮತ್ತೆ ಅಲ್ಲೇ ಸಿಕ್ಕಿಕೊಂಡಿತು. ಜನ ಸುತ್ತುಬಳಸಿ ನಡೆದರು. ಇಬ್ಬರು ಫೋಟೊ ತೆಗೆದುಕೊಂಡರು. ಯಾರೂ ಮುಟ್ಟಲಿಲ್ಲ. ಸಾಹೇಬರ ಆ ಜನ ಎಲ್ಲಿ ಹಾಳಾಗಿ ಹೋದರು ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಅಷ್ಟರಲ್ಲಿ, ಗುಂಡಿ ಹೊಲಿಯುತ್ತ ಕುಳಿತಿದ್ದ ಇವರು ಎದ್ದರು.

"ಎಲ್ಲಿಗೆ? ಮಾನ ಮರ್ಯಾದೆ ಇದೆಯೇನ್ರೀ ನಿಮಗೆ?"

"ಒಳಗೆ ಯಾರದ್ದೋ ಔಷಧಿ ಇದ್ರೆ?"

ಹೋಗಿ ಎತ್ತಿಟ್ಟು ಬಂದು, ಸೂಜಿಗೆ ದಾರ ಪೋಣಿಸತೊಡಗಿದರು. ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಬಿಟ್ಟಿಯಾಗಿ ಎತ್ತುವ ಜನ ಇದ್ದಾರೆಂದು ಆ ಸಾಹೇಬ ಹೇಳಿದ್ದನ್ನು ಇವರು ಸುಳ್ಳಾಗಲು ಬಿಡಲಿಲ್ಲ.